ಗಿಲ್ಬರ್ಟ್ ನೋಡದ ಗುಡ್ಡ

ಅಂಧೇರಿ ಪಶ್ಚಿಮದಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ದಲ್ಲಾಳಿಗಳು ಹೇಳುವ ಗುರುತುಗಳಲ್ಲಿ ಗಿಲ್ಬರ್ಟ್ ಹಿಲ್ ಒಂದು. ಭವನ್ಸ್ ಕಾಲೇಜಿನ ಹತ್ತಿರ, ಹಳೆಯ ಚಾಳುಗಳು ಮತ್ತು ಹೊಸ ಟವರುಗಳ ನಡುವೆ, ಸುಮಾರು 200 ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಕಪ್ಪು ಬಂಡೆ ಅದು. ನೆತ್ತಿಯ ಮೇಲೆ ಗಾವ್‌ದೇವಿ ಮತ್ತು ದುರ್ಗಾಮಾತೆಯ ಗುಡಿ, ಸಣ್ಣದೊಂದು ತೋಟ. ಹತ್ತಲು ಬಂಡೆಯಲ್ಲೇ ಕಡಿದ ಮೆಟ್ಟಿಲು. ಸುತ್ತಲಿನ ಹಳಬರಿಗೆ ಅದು ಗಾವ್‌ದೇವಿ ಡೋಂಗ್ರಿ. ನಕಾಶೆಯಲ್ಲಿ, ರಿಕ್ಷಾದವರ ಬಾಯಲ್ಲಿ, ಪಾರ್ಸೆಲ್ ತರುವ ಹುಡುಗರ ಮೊಬೈಲಿನಲ್ಲಿ ಗಿಲ್ಬರ್ಟ್ ಹಿಲ್.

ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅವರ ಹೆಸರನ್ನೇ ಗುಡ್ಡಕ್ಕೆ ಇಟ್ಟರು ಎಂಬುದು ಮುಂಬೈಯಲ್ಲಿ ಬಾಯಿಂದ ಬಾಯಿಗೆ, ಪತ್ರಿಕೆಯಿಂದ ಪತ್ರಿಕೆಗೆ ನಡೆದು ಬಂದ ಮಾತು. ಗಿಲ್ಬರ್ಟ್ ಅವರ ಬದುಕೆಲ್ಲ ಕಳೆದದ್ದು ಅಮೆರಿಕದ ಬೆಟ್ಟ, ಮರುಭೂಮಿ, ನದಿಗಳಲ್ಲಿ. ಈ ಗುಡ್ಡವನ್ನು ಅವರು ನೋಡಿದವರಲ್ಲ. ಹಾಗಿದ್ದೂ ಹೆಸರು ಈ ಬಂಡೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ನನಗೆ ಅರ್ಥವಾದದ್ದು ಅವರ ಜೀವನವನ್ನು ಓದಿದ ಮೇಲೆ. ಒಂದು ಬೆಟ್ಟಕ್ಕೆ ಈ ಆಕಾರ ಕೊಟ್ಟವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಐವತ್ತು ವರ್ಷ ಕೇಳಿದ ಮನುಷ್ಯ ಅವರು. ಮೊದಲು ಬೆಂಕಿಯನ್ನು ಕೇಳಿದರು, ಆಮೇಲೆ ನೀರನ್ನು, ಕೊನೆಗೆ ಮನುಷ್ಯರನ್ನು.

ನಾನು ಕುಂದಾಪುರದ ಕಡೆಯವನು. ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ನೆಲ ಕೊರೆಸುವುದೇ ಉದ್ಯೋಗ. ಕಟ್ಟಡ ಏಳುವ ಮೊದಲು ಭೂಮಿಯೊಳಗಿಂದ ಕಲ್ಲಿನ ಕೋರ್ ತೆಗೆಸಿ, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ, ಎಷ್ಟು ಆಳದಲ್ಲಿ ಎಂಥ ಕಲ್ಲಿದೆ, ಎಷ್ಟು ಭಾರ ತಾಳುತ್ತದೆ ಎಂದು ಬರೆದುಕೊಡುತ್ತೇನೆ. ಮುಂಬೈಯ ನೆಲ ಒಂದೇ ತೆರನಾಗಿಲ್ಲ. ಒಂದು ಕಡೆ ಕಬ್ಬಿಣದಂಥ ಬಸಾಲ್ಟ್, ನೂರು ಮೀಟರ್ ಆಚೆ ಜ್ವಾಲಾಮುಖಿಯ ಚೂರುಗಳು ಬೂದಿಯಲ್ಲಿ ಬೆಸೆದುಕೊಂಡ ಬ್ರೆಕ್ಸಿಯಾ, ಇನ್ನೊಂದು ಕಡೆ ಉಗುರಿನಲ್ಲಿ ಕೆರೆದರೆ ಉದುರುವ ಟಫ್. ಕಾನ್ಹೇರಿಯ ಬೌದ್ಧ ಗುಹೆಗಳನ್ನು ಕಡೆದಿರುವುದು ಬ್ರೆಕ್ಸಿಯಾದಲ್ಲಿ. ಘಾರಾಪುರಿಯ, ಅಂದರೆ ಎಲಿಫೆಂಟಾದ, ಮೂರು ಮುಖದ ಶಿವ ನಿಂತಿರುವುದು ಬಸಾಲ್ಟಿನಲ್ಲಿ. ಎಲ್ಲವೂ ಡೆಕ್ಕನ್ ಟ್ರ್ಯಾಪ್ ಎಂಬ ಮಹಾ ಲಾವಾ ಹರಿವಿನ ಸಂಸಾರವೇ. ಅದೇ ಸಂಸಾರ ಘಟ್ಟ ಹತ್ತಿ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್‌ಗಳ ತನಕ ಹಬ್ಬಿದೆ.

ಗಿಲ್ಬರ್ಟ್ ಹಿಲ್ ಈ ಸಂಸಾರದ ಕಿರಿಯ ಕೂಸು. ಆರ್ಗಾನ್ ಅನಿಲದ ಲೆಕ್ಕದಿಂದ ಅದರ ವಯಸ್ಸು ಕಂಡುಹಿಡಿದು 2001ರಲ್ಲಿ ಪ್ರಕಟಿಸಿದರು: ಸುಮಾರು 6 ಕೋಟಿ ವರ್ಷ. ಘಟ್ಟದ ದೊಡ್ಡ ಹರಿವುಗಳೆಲ್ಲ ತಣ್ಣಗಾಗಿ ಲಕ್ಷಾಂತರ ವರ್ಷ ಕಳೆದ ಮೇಲೆ ಹೊರಬಂದ ಲಾವಾ ಇದು. ಬಂಡೆಯ ಮೈ ನೋಡಿದರೆ ಐದಾರು ಮುಖದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಟ್ಟು ಕಟ್ಟಿದಂತೆ ಕಾಣುತ್ತದೆ. ಯಾರೋ ಕಡೆದಿಟ್ಟಿದ್ದಾರೆ ಎನ್ನುವಷ್ಟು ಅಚ್ಚುಕಟ್ಟು. ಕಾರಣ ಮಾತ್ರ ನಮ್ಮ ಕೆರೆ ಅಂಗಳದ ಕೆಸರಿನಷ್ಟೇ ಸರಳ. ಬೇಸಿಗೆಯಲ್ಲಿ ಕೆಸರು ಒಣಗುತ್ತಾ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಸಾವಿರ ಡಿಗ್ರಿ ಮೀರಿದ ಲಾವಾ ಗಟ್ಟಿಯಾಗಿ ಆರುವಾಗಲೂ ಹೀಗೆಯೇ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಎಳೆತ ಬಿದ್ದಾಗ ಒಂದು ಬಿಂದುವಿನಿಂದ ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಒಡೆಯುವುದು ಅತಿ ಕಡಿಮೆ ಖರ್ಚಿನ ದಾರಿ. ಅಂಥ ಬಿರುಕುಗಳು ಒಂದಕ್ಕೊಂದು ಕೂಡಿದರೆ ಆರು ಮೂಲೆಯ ಬಿಲ್ಲೆ. ಮೇಲ್ಮೈ ಮೊದಲು ಆರುತ್ತದೆ, ಬಿರುಕು ಅಲ್ಲಿ ಹುಟ್ಟಿ, ಶಾಖ ಇಳಿದಂತೆಲ್ಲ ಗೇಣು ಗೇಣಾಗಿ ಒಳಕ್ಕೆ ಇಳಿಯುತ್ತದೆ. ಬಿಲ್ಲೆ ಕಂಬವಾಗುತ್ತದೆ. ನಿಧಾನಕ್ಕೆ ಆರಿದರೆ ದಪ್ಪ ಕಂಬ, ಬೇಗ ಆರಿದರೆ ತೆಳು ಕಂಬ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಶಾಲಾ ಪ್ರವಾಸ ಹೋದ ಕರಾವಳಿಯವರಿಗೆ ಈ ಕಂಬಗಳ ಪರಿಚಯ ಇದ್ದೇ ಇರುತ್ತದೆ. ಅಲ್ಲಿಯ ಕಲ್ಲು ಬೇರೆ, ಬಸಾಲ್ಟ್ ಅಲ್ಲ. ವಯಸ್ಸೂ ಬೇರೆ, 8 ಕೋಟಿ ವರ್ಷಕ್ಕೂ ಹೆಚ್ಚು, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು. ಆದರೆ ಬಿರುಕಿನ ಲೆಕ್ಕ ಒಂದೇ. ಮಲ್ಪೆಯಿಂದ ಬಂದ ಮೊಗವೀರರ ಸಂಸ್ಥೆಯ ಶಾಲೆ ಅಂಧೇರಿ ಪಶ್ಚಿಮದಲ್ಲೇ ಇದೆ. ಊರ ಕಂಬಗಳನ್ನು ಬಿಟ್ಟು ಬಂದವರು ಇಲ್ಲೂ ಕಂಬಗಳ ಪಕ್ಕದಲ್ಲೇ ಬಿಡಾರ ಹೂಡಿದ್ದಾರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇನ್ನು ಗಿಲ್ಬರ್ಟ್.

ಅವರು ಹುಟ್ಟಿದ್ದು 1843ರ ಮೇ 6ರಂದು, ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ. ತಂದೆ ಭಾವಚಿತ್ರ ಬರೆಯುವ ಕಲಾವಿದ, ತಾನೇ ಕಲಿತವರು. ಮನೆಯಲ್ಲಿ ಪುಸ್ತಕ, ಒಗಟು, ಲೆಕ್ಕ ಬೇಕಾದಷ್ಟು, ಹಣ ಅಷ್ಟಕ್ಕಷ್ಟೆ. ಕಾಲೇಜಿನಲ್ಲಿ ಓದಿದ್ದು ಹೆಚ್ಚಾಗಿ ಗ್ರೀಕ್, ಲ್ಯಾಟಿನ್, ಗಣಿತ. ಭೂವಿಜ್ಞಾನ ಹೆಸರಿಗೆ ಒಂದಿಷ್ಟು. 1862ರಲ್ಲಿ ಪದವಿ ಮುಗಿಸಿ ಮಿಷಿಗನ್‌ನ ಜಾಕ್ಸನ್ ಎಂಬ ಊರಿನಲ್ಲಿ ಮೇಷ್ಟರಾದರು. ತುಂಟ ಹುಡುಗರನ್ನು ಹದ್ದುಬಸ್ತಿನಲ್ಲಿಡುವುದು ಅವರಿಂದ ಆಗಲಿಲ್ಲ. ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು ಊರಿಗೆ ಮರಳಿದರು. ಈ ಜಾಕ್ಸನ್ ಊರನ್ನು ನೆನಪಿಟ್ಟುಕೊಳ್ಳಿ.

ಊರಿನಲ್ಲಿ ಸಿಕ್ಕ ಕೆಲಸ ಅವರ ಪ್ರಾಧ್ಯಾಪಕ ಹೆನ್ರಿ ವಾರ್ಡ್ ಅವರ ಅಂಗಡಿಯಲ್ಲಿ. ಅಂಗಡಿ ಎಂದರೆ ಕಲ್ಲು, ಮೂಳೆ, ಪಳೆಯುಳಿಕೆಗಳನ್ನು ಜೋಡಿಸಿ, ಚೀಟಿ ಅಂಟಿಸಿ, ಕಾಲೇಜು ಮತ್ತು ವಸ್ತುಸಂಗ್ರಹಾಲಯಗಳಿಗೆ ಮಾರುವ ಸಂಸ್ಥೆ. ಐದು ವರ್ಷ ಅಲ್ಲೇ ಕಳೆದರು. 1866ರಲ್ಲಿ ಕೊಹೋಸ್ ಎಂಬಲ್ಲಿ ಗಿರಣಿಯೊಂದಕ್ಕೆ ಅಡಿಪಾಯ ತೋಡುವಾಗ ಆನೆಯ ದೂರದ ನೆಂಟ ಮಾಸ್ಟೊಡಾನ್‌ನ ಮೂಳೆಗಳು ಸಿಕ್ಕವು. ಮೂಳೆ ತೆಗೆದು ಜೋಡಿಸುವ ಕೆಲಸ ಗಿಲ್ಬರ್ಟ್‌ಗೆ ಬಂತು. ಮೂಳೆಗಳು ಬಿದ್ದಿದ್ದದ್ದು ಬಂಡೆಯೊಳಗಿನ ದೊಡ್ಡ ದುಂಡು ಕುಳಿಯಲ್ಲಿ. ಬಂದವರೆಲ್ಲ ಮೂಳೆ ನೋಡಿ ಬೆರಗಾದರೆ ಇವರು ಕುಳಿ ನೋಡುತ್ತ ಕೂತರು. ಬಂಡೆಯಲ್ಲಿ ಇಷ್ಟು ದುಂಡಗಿನ ಕುಳಿ ಕೊರೆದವರು ಯಾರು?

ಮೇಕೆದಾಟಿನಲ್ಲಿ ಕಾವೇರಿ ಕೊರೆದ ಕುಳಿಗಳನ್ನು ನೋಡಿದವರಿಗೆ ಉತ್ತರ ಗೊತ್ತಿರುತ್ತದೆ. ಮುಂಬೈ, ಪುಣೆಯವರಾದರೆ ನಿಘೋಜ್‌ಗೆ ಹೋಗಿ ನೋಡಬಹುದು. ಅಲ್ಲಿ ಕುಕಡಿ ನದಿ ಇದೇ ಡೆಕ್ಕನ್ ಬಸಾಲ್ಟಿನಲ್ಲಿ ರಾಂಜಣಗಳನ್ನು ಹೂತಿಟ್ಟಂಥ ಕುಳಿಗಳನ್ನು ಕೊರೆದಿದೆ. ಸುಳಿಯಲ್ಲಿ ಸಿಕ್ಕ ಗುಂಡುಕಲ್ಲು ತಿರುಗುತ್ತ ತಿರುಗುತ್ತ ಬಂಡೆಯನ್ನು ಅರೆಯುತ್ತದೆ. ಒರಳಿಗೆ ನೀರೇ ಕೈ. ಗಿಲ್ಬರ್ಟ್ ಆ ನದಿಯ ಕುಳಿಗಳನ್ನು ಒಂದೊಂದಾಗಿ ಹುಡುಕಿ ಅಳೆದರು. ಕಣಿವೆಯ ಗೋಡೆಯಲ್ಲಿ ಬೆಳೆದ ಮರಗಳ ವಯಸ್ಸಿನಿಂದ ಜಲಪಾತ ಎಷ್ಟು ನಿಧಾನವಾಗಿ ಹಿಂದೆ ಸರಿದಿದೆ ಎಂದು ಲೆಕ್ಕ ಹಾಕಿದರು. ಮೇಷ್ಟರಾಗಿ ಸೋತ ಹುಡುಗನಿಗೆ ತನ್ನ ಕೆಲಸ ಯಾವುದೆಂದು ತಿಳಿದದ್ದು ಆ ಕುಳಿಯ ಬಾಯಲ್ಲಿ.

1871ರಲ್ಲಿ ಸೈನ್ಯದ ಲೆಫ್ಟಿನೆಂಟ್ ವೀಲರ್ ಅವರ ಸರ್ವೆ ತಂಡ ಸೇರಿ ಪಶ್ಚಿಮದ ಮರುಭೂಮಿಗಳಿಗೆ ಹೋದರು. ಹರಿವಿಗೆ ಎದುರಾಗಿ ದೋಣಿ ಎಳೆದುಕೊಂಡು ಕೊಲರಾಡೊ ನದಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಒಳಗೆ ನುಗ್ಗಿದ ತಂಡ ಅದು. ಸೈನ್ಯದವರಿಗೆ ನಕಾಶೆಯ ಅವಸರ. ಒಂದು ಬೆಟ್ಟದ ಬುಡದಲ್ಲಿ ನಿಂತು ಯೋಚಿಸಲು ಪುರುಸೊತ್ತು ಕೊಡದೆ ದಿನವೂ ಮುಂದಕ್ಕೆ ಓಡಿಸುತ್ತಿದ್ದರು. ಅಷ್ಟರಲ್ಲೇ ಗಿಲ್ಬರ್ಟ್ ಒಂದು ಮುಖ್ಯ ಸಂಗತಿ ಹಿಡಿದರು: ಅಲ್ಲಿಯ ಬೆಟ್ಟಸಾಲುಗಳು ಬಟ್ಟೆ ಮುದುರಿದಂತೆ ಮಡಚಿ ಎದ್ದವಲ್ಲ, ನೆಲ ಸೀಳಿ ಒಂದು ಹೋಳು ಮೇಲೆದ್ದು ಇನ್ನೊಂದು ಕುಸಿದು ಆದವು. 1874ರಲ್ಲಿ ಫ್ಯಾನಿ ಪೋರ್ಟರ್ ಅವರೊಂದಿಗೆ ಮದುವೆಯಾಯಿತು. ಅದೇ ವರ್ಷದ ಕೊನೆಗೆ ಜಾನ್ ವೆಸ್ಲಿ ಪೊವೆಲ್ ಅವರ ಸರ್ವೆಗೆ ಸೇರಿದರು. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದ ಪೊವೆಲ್, ಕೆಲಸದವರಿಗೆ ಪುರುಸೊತ್ತು ಕೊಡುವ ಯಜಮಾನ. ಅಂಥ ಯಜಮಾನ ಸಿಗುವುದು ಎಂಥ ಭಾಗ್ಯ ಎಂದು ಪರವೂರಿನಲ್ಲಿ ನೌಕರಿ ಮಾಡುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಪೊವೆಲ್ ಅವರನ್ನು ಕಳುಹಿಸಿದ್ದು ಯೂಟಾದ ಹೆನ್ರಿ ಪರ್ವತಗಳಿಗೆ. ಅಮೆರಿಕದ ನಕಾಶೆಯಲ್ಲಿ ಕೊನೆಗೆ ಸೇರಿದ ಬೆಟ್ಟಸಾಲುಗಳಲ್ಲಿ ಅದೊಂದು. ರೈಲು, ರಸ್ತೆ, ಹಳ್ಳಿ ಏನೂ ಇಲ್ಲದ ಕಡೆ, ಹೇಸರಗತ್ತೆಗಳೇ ಗತಿ. 1875ರಲ್ಲಿ ಒಂದಿಷ್ಟು ದಿನ, 1876ರಲ್ಲಿ ಎರಡು ತಿಂಗಳು, ಅಷ್ಟೇ ಅವರು ಅಲ್ಲಿದ್ದದ್ದು. ಜ್ವಾಲಾಮುಖಿ ಎಂದರೆ ಶಿಲಾರಸ ನೆಲ ಸೀಳಿ ಹೊರಗೆ ಉಕ್ಕುವುದು ಎಂದು ಆಗ ಎಲ್ಲರೂ ತಿಳಿದಿದ್ದರು. ಇಲ್ಲಿ ಹಾಗಾಗಿರಲಿಲ್ಲ. ಬೆಂಕಿಯ ಕಲ್ಲಿತ್ತು, ಹೊರಬಂದ ಬಾಯಿ ಇರಲಿಲ್ಲ. ಮೇಲಿನ ಮರಳುಕಲ್ಲಿನ ಪದರಗಳು ಗುಮ್ಮಟದಂತೆ ಬಾಗಿ ನಿಂತಿದ್ದವು. ಕಾವಲಿಯ ಮೇಲೆ ಚಪಾತಿ ಉಬ್ಬುವುದನ್ನು ನೆನೆಸಿಕೊಳ್ಳಿ. ಕೆಳಪದರ ಚಪ್ಪಟೆಯಾಗಿಯೇ ಉಳಿಯುತ್ತದೆ, ಒಳಗೆ ಸಿಕ್ಕ ಆವಿ ಮೇಲ್ಪದರವನ್ನು ಎತ್ತುತ್ತದೆ. ಆವಿಯ ಜಾಗದಲ್ಲಿ ಶಿಲಾರಸ ಇಟ್ಟರೆ ಗಿಲ್ಬರ್ಟ್ ಕಂಡದ್ದು ಅದೇ. ಹೊರಬರಲಾರದ ಶಿಲಾರಸ ಎರಡು ಪದರಗಳ ನಡುವೆ ನುಗ್ಗಿ ಸಾವಿರಾರು ಅಡಿ ದಪ್ಪದ ಚಾವಣಿಯನ್ನೇ ಎತ್ತಿ ಅಲ್ಲೇ ಆರಿಹೋಗಿತ್ತು. ಅದಕ್ಕೆ ಅವರು ಕೊಟ್ಟ ಹೆಸರು ಸ್ವಲ್ಪ ಬದಲಾಗಿ ಇಂದು ಲ್ಯಾಕೊಲಿತ್ ಎಂದು ಜಗತ್ತಿನ ಎಲ್ಲ ಪಠ್ಯಗಳಲ್ಲಿದೆ.

1877ರಲ್ಲಿ ಬಂದ ಆ ವರದಿಯ ಅರ್ಧ ಬೆಂಕಿಯ ಕಥೆ. ಉಳಿದರ್ಧ ನೀರಿನದು, ನನಗೆ ಹೆಚ್ಚು ಹಿಡಿಸಿದ್ದು ಈ ಭಾಗ. ಬೆಟ್ಟವನ್ನು ಎತ್ತಿದ್ದು ಶಿಲಾರಸವಾದರೂ ಅದಕ್ಕೆ ಮುಖ, ಮೂಗು ಕೊಟ್ಟದ್ದು ಮಳೆ ಮತ್ತು ಹೊಳೆ ಎಂದು ಅವರು ಬಿಡಿಸಿ ತೋರಿಸಿದರು. ಗಟ್ಟಿ ಕಲ್ಲು ನಿಲ್ಲುತ್ತದೆ, ಮೆದು ಕಲ್ಲು ಸವೆಯುತ್ತದೆ. ಇಳಿಜಾರು ಕಡಿದಾದಷ್ಟೂ ನೀರು ಹೆಚ್ಚು ಕಡಿಯುತ್ತದೆ, ಕಡಿದಂತೆಲ್ಲ ಇಳಿಜಾರು ಕಡಿಮೆಯಾಗುತ್ತದೆ, ಅಲ್ಲಿಗೆ ಕಡಿತವೂ ಕಡಿಮೆ. ಹೊಳೆಯ ಒಂದೊಂದು ತುಂಡೂ ತನ್ನ ಹೊರೆಗೆ ತಕ್ಕ ಇಳಿಜಾರನ್ನು ತಾನೇ ಮಾಡಿಕೊಳ್ಳುತ್ತದೆ. ನೂರೈವತ್ತು ವರ್ಷದ ಹಿಂದಿನ ವಿವರಣೆ ಇದು.

ಮುಂದಿನ ದೊಡ್ಡ ಕೆಲಸ ಬಾನ್‌ವಿಲ್ ಸರೋವರ. ಯೂಟಾದ ಉಪ್ಪಿನ ಸರೋವರ ಒಂದು ಕಾಲದಲ್ಲಿ ಸಾವಿರ ಅಡಿ ಆಳದ ಮಹಾ ಸರೋವರವಾಗಿತ್ತು. ಅದರ ದಡದ ಗೆರೆಗಳು ಸುತ್ತಲಿನ ಬೆಟ್ಟಗಳ ಮೈಮೇಲೆ ಮೆಟ್ಟಿಲಿನಂತೆ ಉಳಿದಿವೆ. ನೀರಿನ ಗೆರೆ ಎಂದ ಮೇಲೆ ಸಮತಟ್ಟಾಗಿರಬೇಕು. ಅಳೆದರೆ ಸಮತಟ್ಟಿಲ್ಲ, ಸರೋವರದ ನಡುವಿನ ಬೆಟ್ಟಗಳಲ್ಲಿ ಗೆರೆ ಅಂಚಿಗಿಂತ ಎತ್ತರದಲ್ಲಿದೆ. ಹತ್ತಿಯ ಹಾಸಿಗೆಯ ಮೇಲೆ ಕೂತವರು ಎದ್ದು ಹೋದರೆ ತಗ್ಗು ನಿಧಾನಕ್ಕೆ ಮೇಲೇಳುವ ಹಾಗೆ, ನೀರಿನ ಭಾರ ಇಳಿದ ಮೇಲೆ ಭೂಮಿಯೇ ಮೇಲೆದ್ದಿತ್ತು. ಗಟ್ಟಿ ಎಂದುಕೊಂಡ ನೆಲ ಹೀಗೆ ತಗ್ಗಿ ಏಳುತ್ತದೆ ಎಂದು ಅಳತೆಯಿಂದ ತೋರಿಸಿದ ಆ ಗ್ರಂಥ 1890ರಲ್ಲಿ ಬಂತು. ಅಷ್ಟರಲ್ಲಿ ಅವರ ಮನೆ ಬರಿದಾಗಿತ್ತು. 1883ರಲ್ಲಿ ಗಂಟಲಮಾರಿ ಬಂದು ಪುಟ್ಟ ಮಗಳು ಬೆಟ್ಸಿ ತೀರಿಕೊಂಡಳು. ಹೆಂಡತಿಯ ಆರೋಗ್ಯ ಕುಸಿದು ಮತ್ತೆ ಸುಧಾರಿಸಲೇ ಇಲ್ಲ. ಇಬ್ಬರು ಗಂಡುಮಕ್ಕಳು ದೊಡ್ಡವರಾಗಿ ದೂರವಾದರು. ವಾಷಿಂಗ್ಟನ್‌ನಲ್ಲಿ ಅವರು ವರ್ಷಗಟ್ಟಲೆ ಇದ್ದದ್ದು ಸ್ನೇಹಿತರೊಬ್ಬರ ಮನೆಯಲ್ಲಿ. ದುಃಖದ ಬಗ್ಗೆ ಹೆಚ್ಚು ಮಾತಾಡಿದವರಲ್ಲ.

1891ರಲ್ಲಿ ಅವರು ಅರಿಜೋನಾದ ಒಂದು ವಿಚಿತ್ರ ಹೊಂಡ ನೋಡಲು ಹೋದರು. ಬಯಲಿನಲ್ಲಿ ಮುಕ್ಕಾಲು ಮೈಲಿ ಅಗಲದ ಬಟ್ಟಲು, ಸುತ್ತ ಎತ್ತರದ ಅಂಚು, ಅಕ್ಕಪಕ್ಕದಲ್ಲಿ ಆಕಾಶದಿಂದ ಬಿದ್ದ ಕಬ್ಬಿಣದ ತುಂಡುಗಳು. ಉಲ್ಕೆ ಬಿದ್ದು ಆದದ್ದೇ, ನೆಲದೊಳಗಿನ ಆವಿ ಸಿಡಿದು ಆದದ್ದೇ? ಗಿಲ್ಬರ್ಟ್ ಅವರ ಪದ್ಧತಿ ಇದು: ಒಂದೇ ಊಹೆಗೆ ಅಂಟಿಕೊಳ್ಳಬಾರದು, ಹೊಳೆದಷ್ಟನ್ನೂ ಮುಂದಿಟ್ಟು ಒಂದೊಂದಕ್ಕೂ ಪರೀಕ್ಷೆ ಒಡ್ಡಬೇಕು. ನಮ್ಮ ಸೈಟ್ ರಿಪೋರ್ಟುಗಳನ್ನು ಬರೆಯುವವರು ಇದನ್ನು ಬಾಯಿಪಾಠ ಮಾಡಬೇಕು. ಉಲ್ಕೆ ಒಳಗೆ ಹೂತಿದ್ದರೆ ಅಂಚಿಗೆ ಚಿಮ್ಮಿದ ಮಣ್ಣುಕಲ್ಲು ಹೊಂಡ ತುಂಬಿ ಮಿಗಬೇಕು. ಅಳೆದರೆ ಎರಡೂ ಸರಿಸಮ. ಅಷ್ಟು ಕಬ್ಬಿಣ ಇದ್ದರೆ ದಿಕ್ಸೂಚಿಯ ಮುಳ್ಳು ಅಲುಗಬೇಕು, ಅಲುಗಲಿಲ್ಲ. ಹಾಗಾಗಿ ಆವಿಯೇ ಎಂದು ತೀರ್ಪು ಕೊಟ್ಟರು.

ತೀರ್ಪು ತಪ್ಪಾಗಿತ್ತು. ಉಲ್ಕೆ ಬಿದ್ದ ರಭಸಕ್ಕೆ ಬಹುಪಾಲು ಕರಗಿ, ಆವಿಯಾಗಿ, ಚೂರುಚೂರಾಗಿ ಹೋಗುತ್ತದೆ, ಹೂತು ಕೂರುವುದಿಲ್ಲ ಎಂಬುದು ಆ ಕಾಲದ ಭೌತವಿಜ್ಞಾನಕ್ಕೇ ಗೊತ್ತಿರಲಿಲ್ಲ. ಸೋಜಿಗವೆಂದರೆ ಮರುವರ್ಷವೇ ಹಲವು ರಾತ್ರಿ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ, ಅಲ್ಲಿಯ ಕುಳಿಗಳು ಅಪ್ಪಳಿಸಿ ಆದವು ಎಂದು ಸರಿಯಾಗಿ ಹೇಳಿದ್ದೂ ಇವರೇ. ಭೂಮಿ ಅಳೆಯಲು ಸಂಬಳ ಪಡೆಯುವವರು ಚಂದ್ರನನ್ನು ನೋಡುತ್ತ ಕೂತಿದ್ದಾರೆ ಎಂದು ಅಲ್ಲಿಯ ಸಂಸತ್ತಿನಲ್ಲಿ ಗೇಲಿಯೂ ಆಯಿತು.

ನಮ್ಮ ಪಾಲಿಗೆ ಇದರಲ್ಲೊಂದು ಗಂಟಿದೆ. 1896ರಲ್ಲಿ ಈ ವಿಷಯ ಬರೆಯುವಾಗ ಗಿಲ್ಬರ್ಟ್ ಅರಿಜೋನಾದ ಹೊಂಡವನ್ನು ಹೋಲಿಸಿದ್ದು ಭಾರತದ ಲೋಣಾರ್ ಸರೋವರಕ್ಕೆ. ಬುಲ್ಢಾಣಾ ಜಿಲ್ಲೆಯ ಈ ಲೋಣಾರ್ ಇರುವುದು ಡೆಕ್ಕನ್ ಬಸಾಲ್ಟಿನಲ್ಲೇ, ಸುಮಾರು 1.8 ಕಿಲೋಮೀಟರ್ ಅಗಲ. ಎರಡೂ ಒಂದೇ ಜಾತಿಯವು, ಎರಡೂ ಆವಿಯವು ಎಂದರು. ಒಂದೇ ಜಾತಿ ಎಂದದ್ದು ಸರಿ, ಆವಿ ಎಂದದ್ದು ತಪ್ಪು. ಅರಿಜೋನಾದ ಹೊಂಡ ಉಲ್ಕೆಯದ್ದು ಎಂದು 1960ರ ಹೊತ್ತಿಗೆ ಖಚಿತವಾಯಿತು, ಲೋಣಾರ್‌ಗೆ ಪುರಾವೆ ಸಿಕ್ಕಿದ್ದು 1973ರಲ್ಲಿ. ನಮ್ಮ ಕಪ್ಪು ಕಲ್ಲಿನ ಸೀಮೆಗೆ ಗಿಲ್ಬರ್ಟ್ ತಮ್ಮ ಯೋಚನೆಯಲ್ಲಿ ಒಮ್ಮೆ ಬಂದು ಹೋಗಿದ್ದರು ಎಂದಾಯಿತು. ಅಂಧೇರಿಯ ಹೆಸರಿನ ಕಥೆಗಿಂತ ನನಗೆ ಈ ಬರವೇ ಹೆಚ್ಚು ಖುಷಿ ಕೊಟ್ಟದ್ದು.

1899ರಲ್ಲಿ ಅಲಾಸ್ಕಾಕ್ಕೆ ಹೋಗಿ ಹಿಮನದಿಗಳನ್ನು ನೋಡಿ ಬಂದರು. 1906ರ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್‌ಫ್ರಾನ್ಸಿಸ್ಕೊ ಭೂಕಂಪವಾದಾಗ ಅವರು ಎದುರು ದಂಡೆಯ ಬರ್ಕ್ಲಿಯಲ್ಲಿದ್ದರು, ವಯಸ್ಸು ಅರವತ್ತೆರಡು. ಬದುಕಿನುದ್ದಕ್ಕೂ ನೆಲ ಸೀಳಿದ ಗುರುತುಗಳನ್ನು ಓದಿದವರಿಗೆ ನೆಲ ಸೀಳುವ ಗಳಿಗೆಯಲ್ಲೇ ಹಾಸಿಗೆಯಲ್ಲಿರುವ ಯೋಗ. ಅಂಜಿ ಓಡಲಿಲ್ಲ, ದೀಪ ಯಾವ ದಿಕ್ಕಿಗೆ ತೂಗಿತು, ನೀರು ಯಾವ ಕಡೆ ಚೆಲ್ಲಿತು ಎಂದು ಗುರುತು ಹಾಕಿಕೊಂಡರು. ಆಮೇಲೆ ತಿಂಗಳುಗಟ್ಟಲೆ ಬಿರುಕಿನ ಗುಂಟ ನಡೆದು ಹಲವು ಅಡಿ ಪಕ್ಕಕ್ಕೆ ಸರಿದ ಬೇಲಿ, ರಸ್ತೆಗಳ ಫೋಟೊ ತೆಗೆದರು.

ಅವರು ಬರ್ಕ್ಲಿಯಲ್ಲಿದ್ದದ್ದು ಬೇರೊಂದು ಕೆಲಸಕ್ಕೆ. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾದಲ್ಲಿ ಗುಡ್ಡಗಳಿಗೆ ಫಿರಂಗಿಯಂಥ ಕೊಳವೆಗಳಿಂದ ನೀರು ಹಾಯಿಸಿ ಗುಡ್ಡಗಳನ್ನೇ ಕರಗಿಸಿದ್ದರು. ಮಣ್ಣು, ಜಲ್ಲಿ ಹೊಳೆಗೆ ಬಂತು, ಹೊಳೆಯ ಪಾತ್ರ ಮೇಲೆದ್ದಿತು, ಕೆಳಗಿನ ರೈತರ ಹೊಲ ಮುಳುಗಿತು. 1884ರಲ್ಲಿ ನ್ಯಾಯಾಲಯ ತಡೆಯೊಡ್ಡಿತು. ಆದರೆ ಹೊಳೆಗೆ ಬಿದ್ದ ಮಣ್ಣಿಗೆ ಕೋರ್ಟಿನ ಆಜ್ಞೆ ಗೊತ್ತಿಲ್ಲ. ಅದು ಅಲೆಯಂತೆ ವರ್ಷಕ್ಕಿಷ್ಟು ಕೆಳಗೆ ಸರಿಯುತ್ತಲೇ ಇತ್ತು. ನೀರು ಎಷ್ಟು ಹೊರೆ ಹೊರುತ್ತದೆ ಎಂದು ತಿಳಿಯಲು ಗಿಲ್ಬರ್ಟ್ ಮರದ ಕಾಲುವೆ ಮಾಡಿಸಿ, ಮರಳು ಸುರಿಸಿ, ವರ್ಷಗಟ್ಟಲೆ ಪ್ರಯೋಗ ನಡೆಸಿದರು. ನಡುವೆ ಆರೋಗ್ಯ ಕೆಟ್ಟು ಮಲಗಿದರು, ಎದ್ದು ಮತ್ತೆ ಹಿಡಿದರು. 1917ರಲ್ಲಿ ಬಂದ ವರದಿಯ ಪ್ರಕಾರ ಗಣಿಗಾರರು ಕದಲಿಸಿದ ಮಣ್ಣು ಪನಾಮಾ ಕಾಲುವೆಗೆ ತೋಡಿದ್ದರ ಸುಮಾರು ಎಂಟು ಪಟ್ಟು. ಕೊಲ್ಲಿಗೆ ಅವರು ಹಾಕಿದ ಲೆಕ್ಕ ಇನ್ನೂ ಸೂಕ್ಷ್ಮ. ಕೊಲ್ಲಿಯನ್ನು ತುಂಬಿದಷ್ಟೂ ಉಬ್ಬರಕ್ಕೆ ಒಳಬರುವ ನೀರು ಕಡಿಮೆ, ಇಳಿತಕ್ಕೆ ಹೊರಹೋಗುವ ರಭಸವೂ ಕಡಿಮೆ. ರಭಸವಿಲ್ಲದೆ ಬಾಯಿ ತನ್ನನ್ನು ತಾನು ತೊಳೆದುಕೊಳ್ಳಲಾರದು. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದ ದಿನವನ್ನು ಕಂಡ ಮುಂಬೈಕರರು ಈ ಸಾಲನ್ನು ಎರಡು ಸಲ ಓದಲಿ.

ಬೆಟ್ಟ ಕಡಿಯುವ, ಹೊಳೆ ತಿರುಗಿಸುವ ಶಕ್ತಿಗಳ ಪಟ್ಟಿಗೆ ಮನುಷ್ಯನನ್ನೂ ಅಳತೆ ಸಮೇತ ಸೇರಿಸಿದ್ದು ಈ ವರದಿ. ಅಂಧೇರಿಯ ಬಂಡೆಯನ್ನು ಇಲ್ಲಿಂದ ನೋಡಬೇಕು. ಅದರ ಕಂಬಗಳು ಪ್ರಕೃತಿಯವು, ಅನುಮಾನವಿಲ್ಲ. ಆದರೆ ಗೋಪುರದಂತೆ ಒಂಟಿಯಾಗಿ ನಿಂತ ಆ ನಿಲುವು, ಕತ್ತರಿಸಿದಂಥ ಆ ಗೋಡೆ? ಸುತ್ತಲಿನ ಗುಡ್ಡವನ್ನೆಲ್ಲ ಜಲ್ಲಿಗೆಂದು ಕಲ್ಲುಕೋರೆಯವರು ಒಡೆದು ಸಾಗಿಸಿದ ಮೇಲೆ ಉಳಿದದ್ದು ಇಷ್ಟು. ಜೋಗೇಶ್ವರಿಯ ಕಡೆಯೂ ಇಂಥ ಕಂಬಗಳ ಸಾಲುಗಳಿದ್ದವು. ಅವು ಯಾವ ಯಾವ ರಸ್ತೆಯ ಅಡಿಯಲ್ಲಿ, ಯಾವ ಕಟ್ಟಡದ ಕಾಂಕ್ರೀಟಿನಲ್ಲಿ ಸೇರಿವೆಯೋ. ಗುಡಿ ಇರದಿದ್ದರೆ ಇದೂ ಉಳಿಯುತ್ತಿತ್ತೇ ಎಂದು ನನಗೆ ಅನುಮಾನ. ಮಹಾನಗರ ಪಾಲಿಕೆ 2007ರಲ್ಲಿ ಅದನ್ನು ಗ್ರೇಡ್ 2 ಪಾರಂಪರಿಕ ತಾಣ ಎಂದು ಸಾರಿತು. ಕೋರೆಯವರು ಹೋದರೂ ಬುಡದ ತನಕ ಮನೆಗಳು ಬಂದಿವೆ. ನೆಟ್ಟಗೆ ಕಡಿದ ಕಂಬದ ಬಂಡೆ ಹಾಗೆಯೇ ನಿಲ್ಲುವುದಿಲ್ಲ. ಕಂಬ ಕಂಬದ ನಡುವಿನ ಬಿರುಕಿಗೆ ಮಳೆನೀರು ಇಳಿಯುತ್ತದೆ, ಬೇರು ಇಳಿಯುತ್ತದೆ, ಹೊರಗಿನ ಕಂಬ ಸಡಿಲವಾಗುತ್ತದೆ. ಇಳಿಜಾರು ಕಡಿದಾದಷ್ಟೂ ಕಡಿತ ಹೆಚ್ಚು ಎಂದು 1877ರಲ್ಲೇ ಬರೆದಿಟ್ಟಿದ್ದಾರಲ್ಲ. ಬುಡದಲ್ಲಿ ಒಂದು ಅಡಿಯೂ ತೋಡದಿರುವುದು, ಬಂಡೆಯ ಸುತ್ತ ಖಾಲಿ ಜಾಗ ಬಿಡುವುದು, ಮೇಲಿನ ತೋಟದ ನೀರು ಬಿರುಕಿಗೆ ಇಳಿಯದಂತೆ ಚರಂಡಿ ಮಾಡುವುದು, ಇಷ್ಟಾದರೂ ಆಗಬೇಕೆಂದು ನನ್ನ ಕಸುಬಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಮಳೆಗಾಲದಲ್ಲಿ ಆ ಗೋಡೆಯ ಕೆಳಗೆ ಮಲಗುವ ಮಕ್ಕಳನ್ನು ನೆನೆದರೆ ನನಗೆ ಪಾರಂಪರಿಕ ತಾಣ ಎಂಬ ಫಲಕ ಸಾಲದು ಅನಿಸುತ್ತದೆ.

ಗಣಿ ಮಣ್ಣಿನ ವರದಿ ಮುಗಿಸಿದ ಗಿಲ್ಬರ್ಟ್ ತಮ್ಮ ಮೊದಲ ಪ್ರೀತಿಗೆ, ನೆಲ ಸೀಳಿ ಎದ್ದ ಪಶ್ಚಿಮದ ಬೆಟ್ಟಸಾಲುಗಳಿಗೆ, ಮರಳಿದರು. 1871ರಲ್ಲಿ ಅವಸರದಲ್ಲಿ ಹೇಳಿದ ಮಾತಿಗೆ ಈಗ ಪೂರ್ತಿ ಪುರಾವೆ ಕೂಡಿಸುವ ಆಸೆ. ಇನ್ನೊಂದು ಆಸೆಯೂ ಇತ್ತು. ಸಸ್ಯವಿಜ್ಞಾನಿ ಆಲಿಸ್ ಈಸ್ಟ್‌ವುಡ್, 1906ರ ಭೂಕಂಪದ ಬೆಂಕಿಯಲ್ಲಿ ಕಟ್ಟಡ ಸುಡುವ ಮೊದಲು ಕ್ಯಾಲಿಫೋರ್ನಿಯಾ ಅಕಾಡೆಮಿಯ ಅಪರೂಪದ ಸಸ್ಯ ಮಾದರಿಗಳನ್ನು ಹೊತ್ತು ಹೊರತಂದ ದಿಟ್ಟೆ, ಅವರ ಹಳೆಯ ಗೆಳತಿ. ಎಪ್ಪತ್ತೈದರ ಹೊಸ್ತಿಲಲ್ಲಿ ಅವರನ್ನು ಮದುವೆಯಾಗುವುದೆಂದು ಮಾತಾಗಿತ್ತು. 1918ರ ವಸಂತದಲ್ಲಿ ಪಶ್ಚಿಮಕ್ಕೆ ಹೊರಟವರು ದಾರಿಯಲ್ಲಿ ತಂಗಿದ್ದು ಸೋದರಿಯ ಮನೆಯಲ್ಲಿ, ಅದೇ ಮಿಷಿಗನ್‌ನ ಜಾಕ್ಸನ್‌ನಲ್ಲಿ. ಅಲ್ಲೇ ಕಾಯಿಲೆ ಬಿದ್ದು ಮೇ 1ರಂದು ತೀರಿಕೊಂಡರು, ಹುಟ್ಟುಹಬ್ಬಕ್ಕೆ ಐದು ದಿನ ಉಳಿದಿತ್ತು. ಬೆಟ್ಟಸಾಲುಗಳ ಕುರಿತ ಅರ್ಧ ಬರೆದ ಹಸ್ತಪ್ರತಿಯನ್ನು ಸರ್ವೆಯವರು ಹತ್ತು ವರ್ಷ ಬಿಟ್ಟು, 1928ರಲ್ಲಿ, ಇದ್ದಷ್ಟನ್ನೇ ಅಚ್ಚು ಹಾಕಿದರು.